ಫೀನಿಕ್ಸ್ ಕಣಿವೆಯಲ್ಲಿ ಸಂಸಾರಕ್ಕೆ ತಕ್ಕ ಉಪನಗರವನ್ನು ಆಯ್ದುಕೊಳ್ಳುವ ಬಗೆ

ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ಮಹಾನಗರಕ್ಕೆ ನೌಕರಿಯ ನಿಮಿತ್ತ ಸಂಸಾರ ಸಮೇತ ಹೋಗುವ ಕನ್ನಡಿಗರು ಈಗ ಅಪರೂಪವಲ್ಲ. ಚಾಂಡ್ಲರ್‌ನಲ್ಲಿ ಇಂಟೆಲ್ ಕಂಪನಿಯ ದೊಡ್ಡ ಚಿಪ್ ಕಾರ್ಖಾನೆಗಳಿವೆ, ಉತ್ತರ ಫೀನಿಕ್ಸಿನಲ್ಲಿ ತೈವಾನಿನ ಟಿಎಸ್‌ಎಂಸಿ ಹೊಸ ಕಾರ್ಖಾನೆಗಳನ್ನು ಎಬ್ಬಿಸುತ್ತಿದೆ, ಬ್ಯಾಂಕು ಮತ್ತು ವಿಮಾ ಕಂಪನಿಗಳ ತಂತ್ರಾಂಶ ವಿಭಾಗಗಳು ಟೆಂಪಿಯಿಂದ ಸ್ಕಾಟ್ಸ್‌ಡೇಲ್‌ವರೆಗೆ ಹರಡಿಕೊಂಡಿವೆ. ಸಂದರ್ಶನಕ್ಕೋ ಮನೆ ನೋಡುವುದಕ್ಕೋ ಚಳಿಗಾಲದಲ್ಲಿ ಬಂದವರಿಗೆ ಈ ಊರು ಹಿತವಾದ ಬಿಸಿಲು, ನಿರ್ಮಲ ಆಕಾಶ ಮತ್ತು ಕಿತ್ತಳೆ ಹೂವಿನ ಪರಿಮಳದಿಂದ ಕೂಡಿದ್ದಾಗಿ ಕಾಣುತ್ತದೆ. ಆ ಋತುವಿನಲ್ಲಿ ನೋಡಿದರೆ ಇಲ್ಲಿನ ಇಪ್ಪತ್ತಕ್ಕೂ ಹೆಚ್ಚು ಉಪನಗರಗಳಲ್ಲಿ ಯಾವುದನ್ನು ಆರಿಸಿಕೊಂಡರೂ ನಡೆದೀತು ಎನಿಸುತ್ತದೆ. ಅವುಗಳ ನಡುವಿನ ನಿಜವಾದ ಅಂತರ ಬಯಲಾಗುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ. ಆದ್ದರಿಂದ ಈ ಲೇಖನದಲ್ಲಿ ಹೇಳುವ ಪ್ರತಿಯೊಂದು ಹೆಜ್ಜೆಯನ್ನೂ ಒಂದೇ ಪ್ರಶ್ನೆಗೆ ಒಡ್ಡಿ ನೋಡಬೇಕು: ಜುಲೈ ತಿಂಗಳ ಸಂಜೆ ನಾಲ್ಕು ಗಂಟೆಗೆ, ಚಿಕ್ಕ ಮಕ್ಕಳಿರುವ ಒಂದು ಸಂಸಾರ ಈ ಬೀದಿಯಲ್ಲಿ, ಈ ಮನೆಯಲ್ಲಿ ಹೇಗೆ ಇದ್ದೀತು?

ಮೊದಲ ಹೆಜ್ಜೆ: ಬೇಸಿಗೆಯನ್ನು ಅಂಕಿಗಳಲ್ಲಿ ಅರಿಯುವುದು

ಕಲಬುರಗಿ, ರಾಯಚೂರಿನ ಕಡೆಯವರು 43 ಡಿಗ್ರಿ ಸೆಲ್ಸಿಯಸ್ ಬಿಸಿಲಿಗೆ ಹೊಸಬರಲ್ಲ. ಫೀನಿಕ್ಸಿನ ಬೇಸಿಗೆ ಬೇರೆಯಾಗುವುದು ಅದರ ಉದ್ದದಲ್ಲಿ ಮತ್ತು ರಾತ್ರಿಗಳಲ್ಲಿ. 2023ರಲ್ಲಿ ಜೂನ್ ಕೊನೆಯಿಂದ ಜುಲೈ ಕೊನೆಯವರೆಗೆ ಸತತ 31 ದಿನ ಹಗಲಿನ ಗರಿಷ್ಠ ಉಷ್ಣಾಂಶ 110 ಡಿಗ್ರಿ ಫ್ಯಾರನ್‌ಹೀಟ್‌ಗಿಂತ, ಅಂದರೆ ಸುಮಾರು 43 ಸೆಲ್ಸಿಯಸ್‌ಗಿಂತ, ಕೆಳಗಿಳಿಯಲಿಲ್ಲ. ಜುಲೈ 19ರಂದು ಬೆಳಗಿನ ಜಾವದ ಕನಿಷ್ಠ ಉಷ್ಣಾಂಶವೇ 97 ಡಿಗ್ರಿ, ಅಂದರೆ 36 ಸೆಲ್ಸಿಯಸ್ ಇತ್ತು. 2024ರಲ್ಲಿ 100 ಡಿಗ್ರಿ ಮುಟ್ಟಿದ ದಿನಗಳ ಸರಣಿ 113 ದಿನ ಮುರಿಯಲಿಲ್ಲ. ಫೀನಿಕ್ಸ್ ಇರುವ ಮಾರಿಕೋಪಾ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕ) 2023ರಲ್ಲಿ ಬಿಸಿಲಿನ ಕಾರಣಕ್ಕೆ 645 ಜನ ಸತ್ತರೆಂದು ಅಲ್ಲಿನ ಆರೋಗ್ಯ ಇಲಾಖೆಯೇ ಲೆಕ್ಕ ಕೊಟ್ಟಿದೆ.

ಈ ಅಂಕಿಗಳನ್ನು ಹೆದರಿಸುವುದಕ್ಕಾಗಿ ಕೊಡುತ್ತಿಲ್ಲ. ಲಕ್ಷಾಂತರ ಕುಟುಂಬಗಳು ಇಲ್ಲಿ ನೆಮ್ಮದಿಯಿಂದ ಮಕ್ಕಳನ್ನು ಬೆಳೆಸುತ್ತಿವೆ. ಆದರೆ ಡಾಂಬರು, ಕಾಂಕ್ರೀಟು ಹಗಲಿಡೀ ಹೀರಿದ ಕಾವನ್ನು ರಾತ್ರಿಯಿಡೀ ಬಿಡುವುದರಿಂದ, ಮರವಿಲ್ಲದ ಬಡಾವಣೆಗೂ ನೆರಳಿರುವ ಬಡಾವಣೆಗೂ ಇರುವ ವ್ಯತ್ಯಾಸ ಇಲ್ಲಿ ಬರೀ ಅಂದಚಂದದ ಮಾತಲ್ಲ. ನಡುಹಗಲಿನಲ್ಲಿ ಡಾಂಬರಿನ ಮೇಲ್ಮೈ 150 ಡಿಗ್ರಿ ಫ್ಯಾರನ್‌ಹೀಟ್ ದಾಟುತ್ತದೆ. ಬರಿಗಾಲಲ್ಲಿ ಓಡುವ ಮಗುವಿನ ಅಂಗಾಲು ಸುಡಲು ಕೆಲವು ಕ್ಷಣ ಸಾಕು. ಆಟದ ಮೈದಾನಕ್ಕೆ ನೆರಳುಬಟ್ಟೆಯ ಚಾವಣಿ ಇದೆಯೇ, ನಡೆದು ಅಥವಾ ಐದು ನಿಮಿಷ ಕಾರಿನಲ್ಲಿ ಹೋಗಬಹುದಾದ ಸಾರ್ವಜನಿಕ ಈಜುಕೊಳ ಮತ್ತು ಗ್ರಂಥಾಲಯ ಇವೆಯೇ ಎಂಬುದನ್ನು ಪಟ್ಟಿಯ ಮೇಲ್ಭಾಗದಲ್ಲೇ ಬರೆದುಕೊಳ್ಳುವುದು ಒಳ್ಳೆಯದು, ಏಕೆಂದರೆ ಶಾಲೆಗೆ ರಜೆ ಇರುವ ಜೂನ್ ಮತ್ತು ಜುಲೈಯಲ್ಲಿ ಮಕ್ಕಳ ದಿನಚರಿ ಇವೆರಡರ ಸುತ್ತಲೇ ತಿರುಗುತ್ತದೆ.

ಎರಡನೇ ಹೆಜ್ಜೆ: ಕಚೇರಿಯಿಂದ ಹೊರಟು ಸುತ್ತು ಎಳೆಯುವುದು

ಸ್ಥಳೀಯರು ಇಡೀ ಪ್ರದೇಶವನ್ನು ಕಣಿವೆ ಎಂದೇ ಕರೆಯುತ್ತಾರೆ ಮತ್ತು ಅದನ್ನು ಪೂರ್ವ ಕಣಿವೆ, ಪಶ್ಚಿಮ ಕಣಿವೆ ಎಂದು ಪಾಲು ಮಾಡುತ್ತಾರೆ. ಪೂರ್ವದಲ್ಲಿ ಟೆಂಪಿ, ಮೇಸಾ, ಚಾಂಡ್ಲರ್, ಗಿಲ್ಬರ್ಟ್ ಮತ್ತು ಕ್ವೀನ್ ಕ್ರೀಕ್ ಇವೆ. ಪಶ್ಚಿಮದಲ್ಲಿ ಗ್ಲೆಂಡೇಲ್, ಪಿಯೋರಿಯಾ, ಸರ್‌ಪ್ರೈಸ್, ಗುಡ್‌ಇಯರ್ ಮತ್ತು ಬಕ್‌ಐ. ಈಶಾನ್ಯಕ್ಕೆ ಸ್ಕಾಟ್ಸ್‌ಡೇಲ್, ಉತ್ತರದ ಅಂಚಿಗೆ ಡೆಸರ್ಟ್ ರಿಡ್ಜ್, ನಾರ್ಟೆರಾ, ಆಂಥೆಮ್ ಮೊದಲಾದ ಬಡಾವಣೆಗಳು. ಚಾಂಡ್ಲರ್‌ನ ದಕ್ಷಿಣದಲ್ಲಿರುವ ಇಂಟೆಲ್ ಆವರಣಕ್ಕೂ ಉತ್ತರದಲ್ಲಿರುವ ಟಿಎಸ್‌ಎಂಸಿ ಕಾರ್ಖಾನೆಗೂ ನಡುವೆ ರಸ್ತೆಯ ಲೆಕ್ಕದಲ್ಲಿ ನಲವತ್ತು ಮೈಲಿಗೂ ಹೆಚ್ಚು ದೂರವಿದೆ. ಗಂಡ ಒಂದು ಕಡೆ, ಹೆಂಡತಿ ಇನ್ನೊಂದು ಕಡೆ ಕೆಲಸಕ್ಕೆ ಹೋಗುವ ಸಂಸಾರ ಎರಡಕ್ಕೂ ಮಧ್ಯೆ ಮನೆ ಹುಡುಕುವುದಕ್ಕಿಂತ, ಮಕ್ಕಳನ್ನು ಶಾಲೆಯಿಂದ ಕರೆತರಬೇಕಾದವರ ಕಚೇರಿಗೆ ಹತ್ತಿರ ಹುಡುಕುವುದು ಲೇಸೆಂದು ನನ್ನ ಅಭಿಪ್ರಾಯ. ಮಧ್ಯದಲ್ಲಿದ್ದರೆ ಇಬ್ಬರೂ ದಣಿಯುತ್ತಾರೆ, ತುರ್ತಿಗೆ ಇಬ್ಬರೂ ಒದಗುವುದಿಲ್ಲ.

ದೂರವನ್ನು ಮೈಲಿಗಳಲ್ಲಿ ಅಳೆಯದೆ ಬೆಳಿಗ್ಗೆ ಏಳೂವರೆಗೆ ಮತ್ತು ಸಂಜೆ ಐದಕ್ಕೆ ನಕ್ಷೆ ತೋರಿಸುವ ನಿಮಿಷಗಳಲ್ಲಿ ಅಳೆಯಬೇಕು. ಲೂಪ್ 101, 202 ಮತ್ತು 303 ಎಂಬ ವರ್ತುಲ ಫ್ರೀವೇಗಳು ಹತ್ತಿರವಿರುವ ಜಾಗದಲ್ಲಿ ಓಡಾಟ ಸಲೀಸು. ಇದಕ್ಕೆ ವಿರುದ್ಧವಾಗಿ, ಅಗ್ಗದ ಮನೆಗಳಿಗೆ ಹೆಸರಾದ ಮಾರಿಕೋಪಾ ಪಟ್ಟಣಕ್ಕೆ ಫೀನಿಕ್ಸಿನ ಕಡೆಯಿಂದ ಹೋಗುವ ಮುಖ್ಯ ದಾರಿ 347ನೇ ರಾಜ್ಯ ಹೆದ್ದಾರಿಯೊಂದೇ. ಅಲ್ಲೊಂದು ಅಪಘಾತವಾದರೆ ಇಡೀ ಊರು ಕಾಯಬೇಕು. ಮಾರಿಕೋಪಾ ಪಟ್ಟಣ ಮಾರಿಕೋಪಾ ಕೌಂಟಿಯಲ್ಲಿಲ್ಲ, ಪಕ್ಕದ ಪಿನಾಲ್ ಕೌಂಟಿಯಲ್ಲಿದೆ ಎಂಬುದನ್ನೂ ನೆನಪಿಡಬೇಕು, ಏಕೆಂದರೆ ತೆರಿಗೆ, ನ್ಯಾಯಾಲಯ ಮತ್ತು ಆರೋಗ್ಯ ಇಲಾಖೆಗಳೆಲ್ಲ ಅಲ್ಲಿ ಬೇರೆ.

ದಿಕ್ಕಿನ ವಿಚಾರವೂ ಒಂದಿದೆ. ಕಚೇರಿಯ ಪಶ್ಚಿಮಕ್ಕೆ ಮನೆ ಮಾಡಿದವರು ಬೆಳಿಗ್ಗೆ ಮೂಡುವ ಸೂರ್ಯನಿಗೆ ಎದುರಾಗಿ, ಸಂಜೆ ಮುಳುಗುವ ಸೂರ್ಯನಿಗೆ ಎದುರಾಗಿ ಕಾರು ಓಡಿಸುತ್ತಾರೆ. ಮೋಡವೇ ಅಪರೂಪವಾದ ಈ ಊರಿನಲ್ಲಿ ಇದು ವರ್ಷವಿಡೀ ಕಣ್ಣಿಗೆ ಶಿಕ್ಷೆ. ಉಳಿದೆಲ್ಲ ಸಮನಾಗಿದ್ದರೆ ಕಚೇರಿಯ ಪೂರ್ವಕ್ಕೆ ಮನೆ ನೋಡುವುದು ಜಾಣತನ.

ಮೂರನೇ ಹೆಜ್ಜೆ: ಊರಿನ ಹೆಸರು ಬಿಟ್ಟು ಸ್ಕೂಲ್ ಡಿಸ್ಟ್ರಿಕ್ಟ್ ನೋಡುವುದು

‘ಚಾಂಡ್ಲರ್ ಶಾಲೆಗಳು ಚೆನ್ನಾಗಿವೆ’ ಎಂಬ ಮಾತನ್ನು ನಂಬಿ ಚಾಂಡ್ಲರ್‌ನಲ್ಲಿ ಮನೆ ಹಿಡಿದವರು, ತಮ್ಮ ಮಗುವಿಗೆ ಗೊತ್ತಾಗಿರುವ ಶಾಲೆ ಬೇರೊಂದು ಡಿಸ್ಟ್ರಿಕ್ಟಿಗೆ, ಅಂದರೆ ಸರ್ಕಾರಿ ಶಾಲೆಗಳನ್ನು ನಡೆಸುವ ಬೇರೊಂದು ಸ್ಥಳೀಯ ಆಡಳಿತಕ್ಕೆ, ಸೇರಿದ್ದೆಂದು ಆಮೇಲೆ ತಿಳಿಯುವುದುಂಟು. ನಗರದ ಎಲ್ಲೆಗೂ ಸ್ಕೂಲ್ ಡಿಸ್ಟ್ರಿಕ್ಟಿನ ಎಲ್ಲೆಗೂ ಇಲ್ಲಿ ಸಂಬಂಧವಿಲ್ಲ. ಚಾಂಡ್ಲರ್‌ನ ಪಶ್ಚಿಮ ಭಾಗ, ಟೆಂಪಿಯ ದಕ್ಷಿಣ ಭಾಗ ಮತ್ತು ಫೀನಿಕ್ಸ್ ನಗರಕ್ಕೇ ಸೇರಿದ ಅಹ್ವಾಟುಕಿ ಬಡಾವಣೆ ಕೈರೀನ್ ಡಿಸ್ಟ್ರಿಕ್ಟಿನಲ್ಲಿವೆ. ಅದು ಎಂಟನೇ ತರಗತಿಗೆ ಮುಗಿಯುತ್ತದೆ, ಆಮೇಲೆ ಮಕ್ಕಳು ಟೆಂಪಿ ಯೂನಿಯನ್ ಎಂಬ ಬೇರೆ ಆಡಳಿತದ ಹೈಸ್ಕೂಲಿಗೆ ಹೋಗುತ್ತಾರೆ. ಗಿಲ್ಬರ್ಟ್ ಊರಿನೊಳಗೆ ಗಿಲ್ಬರ್ಟ್, ಹಿಗ್ಲಿ ಮತ್ತು ಚಾಂಡ್ಲರ್ ಡಿಸ್ಟ್ರಿಕ್ಟುಗಳು ಮೂರೂ ಇವೆ. ಗಿಲ್ಬರ್ಟ್‌ನಲ್ಲಿರುವ ಪೆರಿ ಹೈಸ್ಕೂಲು ನಡೆಯುವುದು ಚಾಂಡ್ಲರ್ ಡಿಸ್ಟ್ರಿಕ್ಟಿನ ಅಧೀನದಲ್ಲಿ. ಪ್ಯಾರಡೈಸ್ ವ್ಯಾಲಿ ಡಿಸ್ಟ್ರಿಕ್ಟಿನ ಬಹುಪಾಲು ಶಾಲೆಗಳು ಉತ್ತರ ಫೀನಿಕ್ಸಿನಲ್ಲಿವೆ, ಆದರೆ ಪ್ಯಾರಡೈಸ್ ವ್ಯಾಲಿ ಎಂಬ ಶ್ರೀಮಂತ ಪಟ್ಟಣದ ಬಹುಭಾಗ ಸ್ಕಾಟ್ಸ್‌ಡೇಲ್ ಡಿಸ್ಟ್ರಿಕ್ಟಿಗೆ ಸೇರಿದೆ. ಆದ್ದರಿಂದ ಮನೆಯ ಪೂರ್ಣ ವಿಳಾಸವನ್ನು ಡಿಸ್ಟ್ರಿಕ್ಟಿನ ಜಾಲತಾಣದಲ್ಲಿ ಹಾಕಿ, ಪ್ರಾಥಮಿಕ, ಮಾಧ್ಯಮಿಕ ಮತ್ತು ಹೈಸ್ಕೂಲು ಮೂರರ ಹೆಸರನ್ನೂ ಖಚಿತಪಡಿಸಿಕೊಳ್ಳದೆ ಮುಂಗಡ ಕೊಡಬಾರದು. ಮನೆ ಮಾರುವವರ ಜಾಹೀರಾತಿನಲ್ಲಿ ಬರೆದಿರುವ ಶಾಲೆಯ ಹೆಸರು ಪುರಾವೆಯಲ್ಲ.

ಅರಿಜೋನಾದಲ್ಲಿ ಈ ಎಲ್ಲೆಗಳನ್ನು ದಾಟುವುದಕ್ಕೂ ಅವಕಾಶವಿದೆ. ಜಾಗ ಖಾಲಿ ಇದ್ದರೆ ಬೇರೆ ಡಿಸ್ಟ್ರಿಕ್ಟಿನ ಮಗುವನ್ನೂ ಸೇರಿಸಿಕೊಳ್ಳಬೇಕೆಂಬ ಮುಕ್ತ ದಾಖಲಾತಿ ಕಾನೂನು ಇಲ್ಲಿದೆ. ಸರ್ಕಾರದ ಹಣದಿಂದ, ಆದರೆ ಡಿಸ್ಟ್ರಿಕ್ಟಿನ ಹೊರಗೆ ಸ್ವತಂತ್ರವಾಗಿ ನಡೆಯುವ, ಶುಲ್ಕವಿಲ್ಲದ ಚಾರ್ಟರ್ ಶಾಲೆಗಳು ಅಮೆರಿಕದ ಬೇರೆ ಕಡೆಗಿಂತ ಇಲ್ಲಿ ಹೆಚ್ಚು ಬೇರೂರಿವೆ. ಭಾರತೀಯ ಕುಟುಂಬಗಳಲ್ಲಿ ಪ್ರಸಿದ್ಧವಾದ ಬೇಸಿಸ್ ಎಂಬ ಚಾರ್ಟರ್ ಶಾಲೆಗಳು 1998ರಲ್ಲಿ ಆರಂಭವಾದದ್ದು ಇದೇ ರಾಜ್ಯದ ಟೂಸಾನ್‌ನಲ್ಲಿ. 2022ರಿಂದ ಖಾಸಗಿ ಶಾಲೆಯ ಅಥವಾ ಮನೆಪಾಠದ ಖರ್ಚಿಗೆ ರಾಜ್ಯ ಸರ್ಕಾರದ ಹಣವನ್ನು ಎಲ್ಲ ಕುಟುಂಬಗಳೂ ಕೋರಬಹುದಾಗಿದೆ. ಆಯ್ಕೆ ಹೆಚ್ಚಿರುವುದು ಒಳ್ಳೆಯದೇ, ಆದರೆ ಅದರ ಬೆಲೆ ಎರಡು ರೀತಿಯಲ್ಲಿ ತೆರಬೇಕಾಗುತ್ತದೆ. ಒಂದನೆಯದು, ಚಾರ್ಟರ್ ಶಾಲೆಗೂ ಎಲ್ಲೆ ದಾಟಿದ ಶಾಲೆಗೂ ಸಾಮಾನ್ಯವಾಗಿ ಶಾಲಾ ಬಸ್ಸು ಬರುವುದಿಲ್ಲ, ದಿನಕ್ಕೆರಡು ಸಲ ಮನೆಯವರೇ ಕಾರಿನ ಸಾಲಿನಲ್ಲಿ ಕಾಯಬೇಕು. ಎರಡನೆಯದು, ಮಕ್ಕಳು ಇಂಥ ಶಾಲೆಗಳಿಗೆ ಹಂಚಿಹೋಗಿ, ಹಳೆಯ ಬಡಾವಣೆಗಳಲ್ಲಿ ಮನೆಬೆಲೆ ಏರಿ ಚಿಕ್ಕ ಮಕ್ಕಳ ಸಂಸಾರಗಳು ಕಡಿಮೆಯಾಗಿ, ಕೆಲವು ಒಳ್ಳೆಯ ಡಿಸ್ಟ್ರಿಕ್ಟುಗಳೇ ಶಾಲೆಗಳನ್ನು ಮುಚ್ಚುತ್ತಿವೆ. ಪ್ಯಾರಡೈಸ್ ವ್ಯಾಲಿ ಡಿಸ್ಟ್ರಿಕ್ಟು 2024ರಲ್ಲಿ ಹಾಗೆ ಮಾಡಿತು. ಶಾಲೆ ಹತ್ತಿರವಿದೆ ಎಂದು ಮನೆ ಕೊಳ್ಳುವವರು ಅಂಕಶ್ರೇಣಿಯ ಜೊತೆಗೆ, ಆ ಶಾಲೆಯಲ್ಲಿ ಮಕ್ಕಳ ಸಂಖ್ಯೆ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನೂ ಆಡಳಿತ ಮಂಡಳಿಯ ಸಭೆಯ ನಡಾವಳಿಗಳಲ್ಲಿ ಓದಬೇಕು. ಅವು ಎಲ್ಲರಿಗೂ ತೆರೆದಿರುತ್ತವೆ, ಓದುವವರೇ ಕಡಿಮೆ.

ಇಲ್ಲಿನ ಶಾಲಾ ವರ್ಷ ಬಹುಬೇಗ ಆರಂಭವಾಗುತ್ತದೆ. ಚಾಂಡ್ಲರ್‌ನಂಥ ಡಿಸ್ಟ್ರಿಕ್ಟುಗಳಲ್ಲಿ ಜುಲೈ ಮೂರನೆಯ ಅಥವಾ ನಾಲ್ಕನೆಯ ವಾರ, ಉಳಿದ ಕಡೆ ಆಗಸ್ಟ್ ಆರಂಭ. ಸೆಪ್ಟೆಂಬರ್ 1ಕ್ಕೆ ಮೊದಲು ಐದು ವರ್ಷ ತುಂಬಿದ ಮಗು ಕಿಂಡರ್‌ಗಾರ್ಟನ್‌ಗೆ ಅರ್ಹ. ದಾಖಲಾತಿಗೆ ಜನನ ಪ್ರಮಾಣಪತ್ರ, ವಿಳಾಸದ ಪುರಾವೆ ಮತ್ತು ಲಸಿಕೆಗಳ ದಾಖಲೆ ಬೇಕು. ಊರಿನ ಆಸ್ಪತ್ರೆಯ ತಾಯಿ ಕಾರ್ಡಿನಲ್ಲಿ ಕನ್ನಡದಲ್ಲಿ ಬರೆದಿರುವುದನ್ನು ಹೊರಡುವ ಮೊದಲೇ ವೈದ್ಯರಿಂದ ಇಂಗ್ಲಿಷಿನಲ್ಲಿ, ತಾರೀಖುಗಳ ಸಮೇತ, ಬರೆಸಿಕೊಂಡು ಹೋಗಿ. ಚಿಕನ್‌ಪಾಕ್ಸ್ ಮತ್ತು ಹೆಪಟೈಟಿಸ್ ಬಿ ಲಸಿಕೆಗಳ ಸಾಲು ಖಾಲಿ ಉಳಿದಿದ್ದರೆ ಅದನ್ನೂ ಮುಗಿಸಿಕೊಳ್ಳಿ.

ನಾಲ್ಕನೇ ಹೆಜ್ಜೆ: ನಲ್ಲಿಯ ಹಿಂದೆ ಯಾವ ನೀರಿದೆ ಎಂದು ಕೇಳುವುದು

ವರ್ಷಕ್ಕೆ ಏಳೆಂಟು ಇಂಚು ಮಳೆ ಬೀಳುವ ಊರಿನಲ್ಲಿ ಐವತ್ತು ಲಕ್ಷದಷ್ಟು ಜನ ಬದುಕುತ್ತಿರುವುದು ಮೂರು ಮೂಲಗಳ ನೀರಿನಿಂದ: ಸಾಲ್ಟ್ ಮತ್ತು ವರ್ಡಿ ನದಿಗಳಿಗೆ ಕಟ್ಟಿದ ಅಣೆಕಟ್ಟುಗಳು, 336 ಮೈಲಿ ಉದ್ದದ ಕಾಲುವೆಯಲ್ಲಿ ಹರಿದುಬರುವ ಕೊಲರಾಡೋ ನದಿಯ ಪಾಲು ಮತ್ತು ಅಂತರ್ಜಲ. ಯಾವ ಉಪನಗರ ಇವುಗಳಲ್ಲಿ ಯಾವುದನ್ನು ಎಷ್ಟು ನೆಚ್ಚಿಕೊಂಡಿದೆ ಎಂಬುದು ಮನೆ ಕೊಳ್ಳುವವರು ಕೇಳಲೇಬೇಕಾದ ಪ್ರಶ್ನೆ. ಕೊಳವೆಬಾವಿ ಬತ್ತಿದ ಮೇಲೆ ಟ್ಯಾಂಕರಿಗೆ ಫೋನು ಮಾಡಿದ ಅನುಭವವಿರುವ ಬೆಂಗಳೂರಿನವರಿಗೆ ಇದರ ಅಗತ್ಯವನ್ನು ವಿವರಿಸಬೇಕಿಲ್ಲ.

1980ರ ಅಂತರ್ಜಲ ಕಾಯ್ದೆಯ ಫಲವಾಗಿ, ಫೀನಿಕ್ಸ್ ಸುತ್ತಲಿನ ನಿಯಂತ್ರಿತ ವಲಯದಲ್ಲಿ ಹೊಸ ಬಡಾವಣೆ ಮಾಡುವವರು ನೂರು ವರ್ಷಕ್ಕೆ ಸಾಲುವಷ್ಟು ನೀರಿದೆ ಎಂದು ಸಾಬೀತುಪಡಿಸಬೇಕು. ಫೀನಿಕ್ಸ್, ಮೇಸಾ, ಟೆಂಪಿ, ಚಾಂಡ್ಲರ್, ಗಿಲ್ಬರ್ಟ್, ಸ್ಕಾಟ್ಸ್‌ಡೇಲ್, ಗ್ಲೆಂಡೇಲ್, ಪಿಯೋರಿಯಾ ಮುಂತಾದ ನಗರಗಳು ಇಡೀ ನಗರಕ್ಕೇ ಇಂಥ ಮಾನ್ಯತೆ ಪಡೆದಿವೆ. 2023ರ ಜೂನ್‌ನಲ್ಲಿ ರಾಜ್ಯದ ಜಲ ಇಲಾಖೆ, ಮುಂದಿನ ನೂರು ವರ್ಷದ ಅಂದಾಜಿನಲ್ಲಿ ಅಂತರ್ಜಲ ಸುಮಾರು ಶೇಕಡಾ 4ರಷ್ಟು ಕೊರತೆ ಬೀಳುತ್ತದೆಂದು ಕಂಡುಕೊಂಡು, ಬರೀ ಅಂತರ್ಜಲವನ್ನು ನಂಬಿದ ಹೊಸ ಬಡಾವಣೆಗಳಿಗೆ ಅನುಮೋದನೆ ಕೊಡುವುದನ್ನು ನಿಲ್ಲಿಸಿತು. ಅದರ ಬಿಸಿ ಹೆಚ್ಚು ತಟ್ಟಿದ್ದು ಆಗ ನಗರಮಟ್ಟದ ಮಾನ್ಯತೆ ಇರದಿದ್ದ, ವೇಗವಾಗಿ ಬೆಳೆಯುತ್ತಿದ್ದ ಬಕ್‌ಐ ಮತ್ತು ಕ್ವೀನ್ ಕ್ರೀಕ್‌ಗೆ. ಆ ಮೊದಲೇ ಅನುಮೋದನೆ ಪಡೆದ ನಿವೇಶನಗಳಿಗೆ ಈ ತಡೆ ಅನ್ವಯಿಸಲಿಲ್ಲ. ಹಾಗಾಗಿ ಆ ಊರುಗಳಲ್ಲಿ ಮನೆ ಕೊಳ್ಳಬಾರದೆಂದಲ್ಲ, ಆ ನಿರ್ದಿಷ್ಟ ಬಡಾವಣೆಯ ನೀರಿನ ಪ್ರಮಾಣಪತ್ರವನ್ನು ನೋಡಿ ಕೊಳ್ಳಬೇಕು ಎಂದಷ್ಟೇ ಅರ್ಥ.

ನಿಜವಾಗಿ ದೂರವಿರಬೇಕಾದದ್ದು ಯಾವ ನಗರಕ್ಕೂ ಸೇರದ, ಕಾಯ್ದೆಯ ಕಣ್ಣು ತಪ್ಪಿಸಲು ಜಮೀನನ್ನು ಐದೈದು ತುಂಡು ಮಾಡಿ ಕಟ್ಟಿದ ಬಿಡಿ ಮನೆಗಳಿಂದ. ಸ್ಕಾಟ್ಸ್‌ಡೇಲ್ ಪಕ್ಕದ ರಿಯೋ ವರ್ಡಿ ಫುಟ್‌ಹಿಲ್ಸ್ ಇಂಥ ಜಾಗ. ಅಲ್ಲಿನ ನೂರಾರು ಮನೆಗಳು ಸ್ಕಾಟ್ಸ್‌ಡೇಲ್‌ನಿಂದ ಟ್ಯಾಂಕರಿನಲ್ಲಿ ಬರುತ್ತಿದ್ದ ನೀರಿನಿಂದ ನಡೆಯುತ್ತಿದ್ದವು. 2023ರ ಜನವರಿ 1ರಂದು ನಗರವು ಆ ನೀರನ್ನು ನಿಲ್ಲಿಸಿದಾಗ ಭಾರಿ ಬೆಲೆಯ ಮನೆಗಳವರೂ ಬಕೆಟ್ಟಿನ ಲೆಕ್ಕಕ್ಕೆ ಇಳಿದರು. ನೋಟ ಚೆನ್ನಾಗಿದೆ, ಎಕರೆಗಟ್ಟಲೆ ಜಾಗವಿದೆ, ಬೆಲೆಯೂ ಕಡಿಮೆ ಎಂದು ಯಾರಾದರೂ ತೋರಿಸಿದರೆ ಮೊದಲ ಪ್ರಶ್ನೆ ನೀರಿನ ಬಿಲ್ಲು ಯಾರ ಹೆಸರಿನಿಂದ ಬರುತ್ತದೆ ಎಂಬುದಾಗಿರಲಿ.

ಐದನೇ ಹೆಜ್ಜೆ: ಮನೆಯ ಮುಖ, ನೆರಳು ಮತ್ತು ವಿದ್ಯುತ್ತು

ಪೂರ್ವಾಭಿಮುಖವಾದ ಮನೆಯನ್ನೇ ಬಯಸುವುದು ನಮ್ಮಲ್ಲಿ ವಾಡಿಕೆ. ಅಂಥ ಮನೆಯ ಹಿತ್ತಿಲು, ದೊಡ್ಡ ಗಾಜಿನ ಬಾಗಿಲು ಮತ್ತು ಕೂರುವ ಕೋಣೆ ಪಶ್ಚಿಮಕ್ಕೆ ಬರುತ್ತವೆ. ಮರುಭೂಮಿಯಲ್ಲಿ ಮಧ್ಯಾಹ್ನ ಮೂರರಿಂದ ಏಳರವರೆಗೆ ಆ ಗಾಜಿನ ಮೂಲಕ ಮನೆಯೊಳಗೆ ಬೆಂಕಿಯೇ ಬಂದಂತೆ. ಇಲ್ಲಿ ಬಹಳ ಜನ ಬಯಸುವುದು ಉತ್ತರ–ದಕ್ಷಿಣ ಮುಖದ ಮನೆಯನ್ನು. ವಾಸ್ತುವಿನಲ್ಲಿ ಉತ್ತರಕ್ಕೂ ಗೌರವದ ಸ್ಥಾನವಿರುವುದರಿಂದ ಎರಡನ್ನೂ ಒಪ್ಪಿಸುವುದು ಕಷ್ಟವಾಗಲಾರದು. ಪೂರ್ವವೇ ಬೇಕೆಂಬವರು ಹಿತ್ತಿಲಿಗೆ ಆಳವಾದ ಚಾವಣಿ, ಗಾಜಿಗೆ ಹೊರಗಿನಿಂದ ಬಿಸಿಲುಪರದೆ ಮತ್ತು ಪಶ್ಚಿಮದಲ್ಲಿ ಬೆಳೆದ ಮರ ಇರುವುದನ್ನು ನೋಡಿ.

ಬೆಳೆದ ಮರಗಳಿರುವುದು ಹಳೆಯ ಬಡಾವಣೆಗಳಲ್ಲಿ. ಟೆಂಪಿ, ಮೇಸಾ, ಗಿಲ್ಬರ್ಟ್‌ನ ಕೆಲವು ಹಳೆಯ ಭಾಗಗಳಲ್ಲಿ ಸಾಲ್ಟ್ ರಿವರ್ ಪ್ರಾಜೆಕ್ಟ್ ಎಂಬ ನೀರು ಮತ್ತು ವಿದ್ಯುತ್ ಸಂಸ್ಥೆಯ ಕಾಲುವೆ ನೀರನ್ನು ಸರದಿಯ ಪ್ರಕಾರ ಇಂದಿಗೂ ಹಿತ್ತಿಲಿಗೆ ಹರಿಸುತ್ತಾರೆ. ಅಲ್ಲಿನ ಬೀದಿಗಳು ಹೊಸ ಬಡಾವಣೆಯ ಬೀದಿಗಿಂತ ಎದ್ದುಕಾಣುವಷ್ಟು ತಂಪು. ಸ್ಕಾಟ್ಸ್‌ಡೇಲ್‌ನ ನಡುವೆ ಹಾಯುವ ಇಂಡಿಯನ್ ಬೆಂಡ್ ವಾಶ್, ನೆರೆನೀರು ಹೋಗಲೆಂದು ಕಾಂಕ್ರೀಟಿನ ಚರಂಡಿಯ ಬದಲು ಮಾಡಿದ 11 ಮೈಲಿಯ ಹಸಿರು ಪಟ್ಟಿ. ಗಿಲ್ಬರ್ಟ್‌ನ ವಾಟರ್ ರ‍್ಯಾಂಚ್ ಸಂಸ್ಕರಿಸಿದ ನೀರನ್ನು ಇಂಗಿಸುವ ಕೊಳಗಳ ಸುತ್ತ ಬೆಳೆದ ಪಕ್ಷಿಧಾಮ. ಇಂಥ ಜಾಗಗಳ ಸಮೀಪದ ಮನೆಗೆ ಸ್ವಲ್ಪ ಹೆಚ್ಚು ಬೆಲೆ ಕೊಡುವುದು ಸಾರ್ಥಕ. ಹೊಸ ಮನೆಗೆ ಒಳ್ಳೆಯ ನಿರೋಧಕ ಗೋಡೆ, ಹೊಸ ಎಸಿ ಇರುತ್ತವೆ ನಿಜ, ಆದರೆ ಬೀದಿಯ ಮರ ನೆರಳು ಕೊಡುವ ಹೊತ್ತಿಗೆ ನಿಮ್ಮ ಮಗು ಹೈಸ್ಕೂಲು ಮುಗಿಸಿರುತ್ತದೆ.

ವಿದ್ಯುತ್ತನ್ನು ಕೊಡುವುದು ಸಾಲ್ಟ್ ರಿವರ್ ಪ್ರಾಜೆಕ್ಟ್ ಅಥವಾ ಅರಿಜೋನಾ ಪಬ್ಲಿಕ್ ಸರ್ವಿಸ್. ಯಾವುದೆಂಬುದನ್ನು ವಿಳಾಸ ನಿರ್ಧರಿಸುತ್ತದೆ, ಆಯ್ಕೆ ನಮ್ಮದಲ್ಲ. ಎರಡರಲ್ಲೂ ಸಮಯಕ್ಕೆ ತಕ್ಕಂತೆ ದರ ಬದಲಾಗುವ ಯೋಜನೆಗಳಿವೆ. ಅರಿಜೋನಾ ಪಬ್ಲಿಕ್ ಸರ್ವಿಸ್‌ನ ಇಂಥ ಯೋಜನೆಯಲ್ಲಿ ವಾರದ ದಿನಗಳ ಸಂಜೆ 4ರಿಂದ 7ರವರೆಗೆ ದರ ಹೆಚ್ಚು. ಹಗಲಿನಲ್ಲಿ ಮನೆ ಖಾಲಿ ಇರುವವರಿಗೆ ಇದು ಲಾಭ. ಮನೆಯಲ್ಲಿ ಹಸುಗೂಸೋ ಊರಿನಿಂದ ಬಂದ ಹಿರಿಯರೋ ಇದ್ದು ಎಸಿ ಆರಿಸಲಾಗದವರಿಗೆ ಲೆಕ್ಕ ಬೇರೆ. ಯಾವುದೇ ಮನೆಯನ್ನು ನೋಡಿದಾಗಲೂ ಹಿಂದಿನ ಜುಲೈ ಮತ್ತು ಆಗಸ್ಟ್ ತಿಂಗಳ ಬಿಲ್ಲು ಕೇಳಿ. ಎಸಿ ಯಂತ್ರದ ವಯಸ್ಸನ್ನೂ ಕೇಳಿ: ಹತ್ತು ಹದಿನೈದು ವರ್ಷ ಈ ಬಿಸಿಲಿನಲ್ಲಿ ಓಡಿದ ಯಂತ್ರ ಕೈಕೊಡುವುದು ಜುಲೈಯಲ್ಲೇ, ದುರಸ್ತಿಯವರು ಸಿಗದಿರುವುದೂ ಜುಲೈಯಲ್ಲೇ. ಎರಡಂತಸ್ತಿನ ಮನೆಗೆ ಎರಡು ಯಂತ್ರ ಇದ್ದರೆ ಒಂದು ಕೆಟ್ಟ ದಿನ ಇನ್ನೊಂದು ಅಂತಸ್ತಿನಲ್ಲಾದರೂ ಮಲಗಬಹುದು.

ಆರನೇ ಹೆಜ್ಜೆ: ಧೂಳು, ಶಬ್ದ, ಈಜುಕೊಳ ಮತ್ತಿತರ ವಿಚಾರಗಳು

ಜೂನ್ ಮಧ್ಯದಿಂದ ಸೆಪ್ಟೆಂಬರ್ ಕೊನೆಯವರೆಗೆ ಇಲ್ಲಿಯೂ ಮುಂಗಾರು ಎಂಬ ಋತುವಿದೆ, ಆದರೆ ಮಳೆಗಿಂತ ಮೊದಲು ಗೋಡೆಯಂತೆ ಎದ್ದು ಬರುವುದು ಧೂಳು. ಕಣಿವೆಯ ಅಂಚಿನ, ಬಯಲು ಹೊಲಗಳ ಪಕ್ಕದ ಉಪನಗರಗಳಿಗೆ ಅದು ಮೊದಲು ಬಡಿಯುತ್ತದೆ. ಮಣ್ಣಿನಲ್ಲಿರುವ ಶಿಲೀಂಧ್ರವೊಂದು ಧೂಳಿನ ಜೊತೆ ಉಸಿರಿಗೆ ಸೇರಿ ಬರುವ ವ್ಯಾಲಿ ಜ್ವರ ಈ ಪ್ರದೇಶದ ಸ್ಥಾಯೀ ಕಾಯಿಲೆ. ಮಗುವಿಗೆ ಉಬ್ಬಸವಿದ್ದರೆ ಸುತ್ತಲೂ ಮನೆ ಕಟ್ಟುತ್ತಲೇ ಇರುವ ಬಡಾವಣೆಯನ್ನು ಬಿಟ್ಟು, ಕಟ್ಟಿ ಮುಗಿದಿರುವ ಜಾಗ ನೋಡುವುದು ಕ್ಷೇಮ. ವಾರಗಟ್ಟಲೆ ಬಿಡದ ಕೆಮ್ಮು ಜ್ವರಕ್ಕೆ ಈ ಹೆಸರನ್ನು ವೈದ್ಯರ ಮುಂದೆ ಹೇಳುವುದನ್ನು ಹೊಸಬರು ಮರೆಯಬಾರದು. ಮಕ್ಕಳ ದೊಡ್ಡ ಆಸ್ಪತ್ರೆಯಾದ ಫೀನಿಕ್ಸ್ ಚಿಲ್ಡ್ರನ್ಸ್ 2024ರಲ್ಲಿ ಗ್ಲೆಂಡೇಲ್ ಮತ್ತು ಗಿಲ್ಬರ್ಟ್‌ನಲ್ಲೂ ಆಸ್ಪತ್ರೆ ತೆರೆದಿರುವುದರಿಂದ ಪೂರ್ವ, ಪಶ್ಚಿಮ ಎರಡೂ ಕಡೆಯವರಿಗೆ ಅನುಕೂಲವಾಗಿದೆ.

ವರ್ಷದ ಬಹುಪಾಲು ಒಣಗಿ ಬಿದ್ದಿರುವ ಹಳ್ಳದ ಪಾತ್ರಗಳು ಮಳೆ ಬಂದ ಗಂಟೆಯೊಳಗೆ ತುಂಬಿ ಹರಿಯುತ್ತವೆ. ಕೌಂಟಿಯ ನೆರೆ ನಿಯಂತ್ರಣ ಇಲಾಖೆಯ ನಕ್ಷೆಯಲ್ಲಿ ವಿಳಾಸ ಹಾಕಿ ನೋಡಿ, ಸಾಮಾನ್ಯ ಗೃಹವಿಮೆ ನೆರೆಯ ನಷ್ಟವನ್ನು ಕೊಡುವುದಿಲ್ಲ. ಗ್ಲೆಂಡೇಲ್‌ನ ಪಶ್ಚಿಮದಲ್ಲಿ ಲ್ಯೂಕ್ ವಾಯುನೆಲೆ ಇದ್ದು ಎಫ್-35 ಯುದ್ಧವಿಮಾನಗಳ ತರಬೇತಿ ಅಲ್ಲಿ ನಡೆಯುತ್ತದೆ. ಸುತ್ತಲಿನ ಮನೆಗಳನ್ನು ಭಾನುವಾರ ನೋಡಿದರೆ ಸಾಲದು, ಕೆಲಸದ ದಿನ ಹೋಗಿ ಕಿವಿಗೊಟ್ಟು ನಿಲ್ಲಬೇಕು.

ಈಜುಕೊಳದ ಬಗ್ಗೆ ಮಾತ್ರ ಸಡಿಲಿಕೆ ಬೇಡ. ಆರು ವರ್ಷದೊಳಗಿನ ಮಕ್ಕಳಿರುವ ಮನೆಯ ಕೊಳಕ್ಕೆ ಕನಿಷ್ಠ ಐದು ಅಡಿ ಎತ್ತರದ, ತಾನಾಗಿ ಮುಚ್ಚಿಕೊಳ್ಳುವ ಗೇಟಿನ ತಡೆ ಇರಬೇಕೆಂದು ರಾಜ್ಯದ ಕಾನೂನಿದೆ. ಬೇಲಿ ಇಲ್ಲದ ಕೊಳವಿರುವ ಮನೆಯನ್ನು, ಬಾಡಿಗೆ ಎಷ್ಟೇ ಕಡಿಮೆಯಿದ್ದರೂ, ಚಿಕ್ಕ ಮಕ್ಕಳಿರುವವರು ಹಿಡಿಯಬಾರದು. ಚೇಳುಗಳು ಎಲ್ಲ ಕಡೆ ಇವೆ, ಗುಡ್ಡದ ಅಂಚಿನ ಬಡಾವಣೆಗಳಲ್ಲಿ ಹೆಚ್ಚು. ರಾತ್ರಿ ನೇರಳಾತೀತ ಟಾರ್ಚು ಬಿಟ್ಟರೆ ಅವು ಹಸಿರಾಗಿ ಹೊಳೆಯುತ್ತವೆ, ಆದ್ದರಿಂದ ಮನೆ ಗೊತ್ತುಮಾಡುವ ಮೊದಲು ಕತ್ತಲಾದ ಮೇಲೆ ಕಾಂಪೌಂಡಿನ ಸುತ್ತ ಒಮ್ಮೆ ಬೆಳಕು ಬಿಟ್ಟು ನೋಡುವುದು ನಗೆಪಾಟಲಿನ ಕೆಲಸವೇನಲ್ಲ.

ಏಳನೇ ಹೆಜ್ಜೆ: ಸಂಘದ ನಿಯಮ ಮತ್ತು ಖರ್ಚು

ಇಲ್ಲಿನ ಹೊಸ ಬಡಾವಣೆಗಳಲ್ಲಿ ಹೆಚ್ಚಿನವು ಎಚ್‌ಒಎ ಎಂಬ ಮನೆಮಾಲೀಕರ ಸಂಘದ ಆಡಳಿತದಲ್ಲಿವೆ. ತಿಂಗಳ ಶುಲ್ಕದ ಜೊತೆಗೆ, ಮುಂದಿನ ಅಂಗಳದಲ್ಲಿ ಯಾವ ಗಿಡ, ಗೋಡೆಗೆ ಯಾವ ಬಣ್ಣ, ಬೀದಿಯಲ್ಲಿ ಕಾರು ನಿಲ್ಲಿಸಬಹುದೇ ಎಂಬುದನ್ನೆಲ್ಲ ಅದು ಹೇಳುತ್ತದೆ. ಬಕ್‌ಐ, ಗುಡ್‌ಇಯರ್, ಪಿಯೋರಿಯಾದ ಕೆಲವು ದೊಡ್ಡ ಬಡಾವಣೆಗಳಲ್ಲಿ ರಸ್ತೆ ಮತ್ತು ಚರಂಡಿಗಳ ಸಾಲ ತೀರಿಸಲು ವಿಶೇಷ ತೆರಿಗೆಯೂ ಸೇರುತ್ತದೆ. ಅದು ಶುಲ್ಕದ ಸಾಲಿನಲ್ಲಿ ಕಾಣದೆ ಆಸ್ತಿ ತೆರಿಗೆಯ ಬಿಲ್ಲಿನಲ್ಲಿ ಅಡಗಿರುತ್ತದೆ. ರಾಜ್ಯದ ಆದಾಯ ತೆರಿಗೆ 2023ರಿಂದ ಎಲ್ಲರಿಗೂ ಶೇಕಡಾ 2.5 ಮಾತ್ರ, ಆಸ್ತಿ ತೆರಿಗೆಯೂ ಟೆಕ್ಸಸ್‌ಗೆ ಹೋಲಿಸಿದರೆ ಬಹಳ ಕಡಿಮೆ.

ಸನ್ ಸಿಟಿ, ಸನ್ ಲೇಕ್ಸ್, ಪೆಬಲ್ ಕ್ರೀಕ್ ಮುಂತಾದ ಹೆಸರುಗಳಲ್ಲಿ ವಿಶಾಲವಾದ ಮನೆಗಳು ಅಚ್ಚರಿಯ ಬೆಲೆಗೆ ಕಂಡರೆ ಸಂತೋಷಪಡುವ ಮೊದಲು ವಿವರ ಓದಿ. ಅವು 55 ದಾಟಿದವರಿಗಾಗಿ ಮಾಡಿದ ಬಡಾವಣೆಗಳು, ಮಕ್ಕಳು ಅಲ್ಲಿ ಅತಿಥಿಗಳಾಗಿ ಬರಬಹುದೇ ಹೊರತು ವಾಸವಿರುವಂತಿಲ್ಲ.

ಎಂಟನೇ ಹೆಜ್ಜೆ: ಕಾರು ಓಡಿಸದವರನ್ನೂ ಲೆಕ್ಕಕ್ಕೆ ಹಿಡಿಯುವುದು

ಮನೆಯ ಆಯ್ಕೆಯ ಚರ್ಚೆಯಲ್ಲಿ ಹೆಚ್ಚಾಗಿ ಬಿಟ್ಟುಹೋಗುವವರು ಇಬ್ಬರು: ವೀಸಾದ ಕಾರಣ ಕೆಲಸಕ್ಕೆ ಹೋಗಲಾಗದ ಸಂಗಾತಿ ಮತ್ತು ಊರಿನಿಂದ ಬಂದು ಆರು ತಿಂಗಳು ಇರುವ ತಂದೆತಾಯಿ. ನಾಲ್ಕು ತಿಂಗಳು ಹಗಲು ನಡೆದಾಡಲಾಗದ ಊರಿನಲ್ಲಿ, ಕಾರೂ ಇಲ್ಲದಿದ್ದರೆ ಅವರಿಗೆ ಮನೆಯೇ ಸೆರೆಮನೆ. ಲೈಟ್ ರೈಲು ಫೀನಿಕ್ಸ್, ಟೆಂಪಿ, ಮೇಸಾದ ನಡುವೆ ಮಾತ್ರ ಓಡುತ್ತದೆ, ಉಳಿದೆಡೆ ಬಸ್ಸುಗಳು ವಿರಳ. ಚಾಲಕನಿಲ್ಲದ ವೇಮೋ ಟ್ಯಾಕ್ಸಿಗಳು ಚಾಂಡ್ಲರ್, ಟೆಂಪಿ ಕಡೆ 2020ರಿಂದ, ಸ್ಕಾಟ್ಸ್‌ಡೇಲ್ ಕಡೆ ಆಮೇಲಿನಿಂದ ಸಾರ್ವಜನಿಕರಿಗೆ ಓಡುತ್ತಿವೆ. ಅಪರಿಚಿತ ಚಾಲಕನೊಡನೆ ಇಂಗ್ಲಿಷಿನಲ್ಲಿ ಮಾತಾಡಲು ಹಿಂಜರಿಯುವ ಅಮ್ಮಂದಿರಿಗೆ ಚಾಲಕನೇ ಇಲ್ಲದಿರುವುದು ಒಂದು ಅನುಕೂಲವಾಗಿ ಕಂಡರೂ ಆಶ್ಚರ್ಯವಿಲ್ಲ.

ಭಾರತೀಯರ ದಿನಸಿ ಅಂಗಡಿಗಳು, ಹೋಟೆಲುಗಳು ಚಾಂಡ್ಲರ್ ಮತ್ತು ಟೆಂಪಿಯ ಸುತ್ತ ಹೆಚ್ಚು. ಉಡುಪಿಯ ಪುತ್ತಿಗೆ ಮಠಕ್ಕೆ ಸೇರಿದ ವೆಂಕಟಕೃಷ್ಣ ಕ್ಷೇತ್ರ ಟೆಂಪಿಯಲ್ಲಿದೆ, ಮಹಾಗಣಪತಿ ದೇವಸ್ಥಾನ ಮಾರಿಕೋಪಾ ಪಟ್ಟಣದಲ್ಲಿದೆ. ಅರಿಜೋನಾದಲ್ಲಿ ಕನ್ನಡ ಸಂಘವೂ ಉಂಟು; ಮಕ್ಕಳ ಕನ್ನಡ ತರಗತಿ ಯಾವ ಭಾಗದಲ್ಲಿ ನಡೆಯುತ್ತದೆ ಎಂದು ಮನೆ ಗೊತ್ತುಮಾಡುವ ಮೊದಲೇ ವಿಚಾರಿಸಿದರೆ ವಾರಾಂತ್ಯದ ಓಡಾಟ ಉಳಿಯುತ್ತದೆ. ಅರಿಜೋನಾದ ಬಹುಭಾಗ ಬೇಸಿಗೆಯಲ್ಲಿ ಗಡಿಯಾರ ಬದಲಿಸುವುದಿಲ್ಲವಾದ್ದರಿಂದ ಊರಿಗೂ ಇಲ್ಲಿಗೂ ವರ್ಷವಿಡೀ ಹನ್ನೆರಡೂವರೆ ಗಂಟೆಯ ಅಂತರ ಸ್ಥಿರ. ಅಜ್ಜಿ ತಾತನಿಗೆ ಫೋನು ಮಾಡುವ ಹೊತ್ತು ತಪ್ಪುವುದಿಲ್ಲ. ಹಿರಿಯರನ್ನು ಕರೆಸಿಕೊಳ್ಳುವುದಾದರೆ ಅಕ್ಟೋಬರ್ ಮಧ್ಯದಿಂದ ಏಪ್ರಿಲ್‌ವರೆಗೆ ಕರೆಸಿ.

ಕೊನೆಯ ಹೆಜ್ಜೆ: ಮೊದಲು ಬಾಡಿಗೆ, ಆಮೇಲೆ ಖರೀದಿ

ಮೊದಲ ಬೇಸಿಗೆಯನ್ನು ಬಾಡಿಗೆ ಮನೆಯಲ್ಲೇ ಕಳೆಯಿರಿ ಎಂಬುದು ನನ್ನ ದೃಢವಾದ ಸಲಹೆ. ಬಾಡಿಗೆ ಮನೆಗೆ ಒಂದೂವರೆ ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಕೇಳುವಂತಿಲ್ಲವೆಂದು ಇಲ್ಲಿನ ಕಾನೂನು ಹೇಳುತ್ತದೆ. ಬೆಂಗಳೂರಿನ ಹತ್ತು ತಿಂಗಳ ಮುಂಗಡ ಕೊಟ್ಟವರಿಗೆ ಇದು ಹಗುರವೆನಿಸೀತು. ವಸತಿ ಬಾಡಿಗೆಯ ಮೇಲೆ ನಗರಗಳು ಹಾಕುತ್ತಿದ್ದ ತೆರಿಗೆಯೂ 2025ರ ಜನವರಿಯಿಂದ ರದ್ದಾಗಿದೆ, ಕರಾರಿನಲ್ಲಿ ಆ ಸಾಲು ಇನ್ನೂ ಉಳಿದಿದ್ದರೆ ತೆಗೆಸಿ. ಫೀನಿಕ್ಸ್ ನಗರದ ಮಿತಿಯಲ್ಲಿ ಎಸಿ ಇರುವ ಬಾಡಿಗೆ ಮನೆ 82 ಡಿಗ್ರಿ ಫ್ಯಾರನ್‌ಹೀಟ್‌ಗೆ ತಂಪಾಗಲೇಬೇಕೆಂಬ ನಿಯಮವಿದೆ. ಬೇರೆ ನಗರಗಳಲ್ಲಿ ಎಸಿ ಕೆಟ್ಟರೆ ಎಷ್ಟು ದಿನದೊಳಗೆ ಸರಿಪಡಿಸಬೇಕೆಂಬುದನ್ನು ಕರಾರಿನಲ್ಲೇ ಬರೆಸಿಕೊಳ್ಳುವುದು ಉತ್ತಮ. ಕರಾರು ಮೇ ಕೊನೆಗೆ ಮುಗಿಯುವಂತೆ ಹೊಂದಿಸಿದರೆ, ಶಾಲೆಗೆ ರಜೆ ಬಿದ್ದ ಮೇಲೆ, ಹೊಸ ಡಿಸ್ಟ್ರಿಕ್ಟಿನ ದಾಖಲಾತಿಗೆ ಇನ್ನೂ ಸಮಯವಿರುವಾಗ, ಸಾಮಾನು ಸಾಗಿಸಬಹುದು.

ಖರೀದಿಗೆ ಇಳಿದಾಗ, ಇಲ್ಲಿ ವಾಡಿಕೆಯಲ್ಲಿರುವ ಖರೀದಿ ಕರಾರಿನಲ್ಲಿ ತಪಾಸಣೆಗೆ ಸಾಮಾನ್ಯವಾಗಿ ಹತ್ತು ದಿನ ಸಿಗುತ್ತವೆ. ಆ ಹತ್ತು ದಿನದೊಳಗೆ ಎಸಿ, ಚಾವಣಿಯ ಹೆಂಚಿನ ಕೆಳಗಿನ ಪದರ, ಗೆದ್ದಲು ಮತ್ತು ಈಜುಕೊಳದ ಪಂಪು ಇವುಗಳ ಪರೀಕ್ಷೆ ಮುಗಿಸಬೇಕು, ಎಚ್‌ಒಎ ದಾಖಲೆಗಳನ್ನು ಓದಬೇಕು, ಶಾಲೆ ಮತ್ತು ನೀರಿನ ವಿವರಗಳನ್ನು ಆಯಾ ಕಚೇರಿಗಳಿಂದ ಬರಹದಲ್ಲಿ ಪಡೆಯಬೇಕು. ಚಳಿಗಾಲದಲ್ಲಿ ತಪಾಸಣೆ ಮಾಡಿಸುವವರು ಎಸಿಯನ್ನು ಬರೀ ಚಾಲೂ ಮಾಡಿ ಬಿಡದೆ, ತಂಪುಗಾಳಿ ಬರುವ ಮತ್ತು ಮರಳಿ ಹೋಗುವ ಕಿಂಡಿಗಳ ನಡುವಿನ ಉಷ್ಣಾಂಶದ ಅಂತರವನ್ನು ಅಳೆದು ವರದಿಯಲ್ಲಿ ನಮೂದಿಸುವಂತೆ ತಪಾಸಕರನ್ನು ಕೇಳಬೇಕು.